ಅಕ್ಕನಲ್ಲಿ ಕೇಳು

ಮಣಿಪಾಲ
12-11-2024, ಮಂಗಳವಾರ

ಅಕ್ಕಾ,

ಆಸ್ಪತ್ರೆಯಲ್ಲಿ ಐಸಿಯು ಹೊರಗಿನ ಕುರ್ಚಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಇವರಿಗೆ ಹೀಗಾಯಿತು ಅಂತ ಧನರಾಜ್ ನಿನಗೆ ಹೇಳಿರಬೇಕು. ಉಳಿದದ್ದನ್ನು ಅವನ ಫೋನಿಗೆ ಬರೆಯಲು ನನಗೆ ಮನಸ್ಸು ಬರಲಿಲ್ಲ. ಸುಂದರ ಭಾವ ತೀರಿಹೋಗುವಾಗ ತಾನು ಮಸ್ಕತ್‌ನಲ್ಲಿದ್ದೆ ಎಂಬ ಕೊರಗು ಅವನಿಗೆ ಇನ್ನೂ ಉಂಟು. ಅಪ್ಪನ ಮಾತು ಎತ್ತಿದರೆ ಎದ್ದು ಹೋಗುತ್ತಾನೆ. ನಿನಗಾದರೆ ಫೋನು ಕೇಳುವುದಿಲ್ಲ. ಹಾಗಾಗಿ ಕಾಗದವೇ ಸರಿ ಎಂದುಕೊಂಡೆ. ಕಜೆಟನ್ ನಾಳೆ ಬೆಳಿಗ್ಗೆ ಮಲ್ಪೆಯಿಂದ ಮೀನು ಹೇರಿಕೊಂಡು ಇದೇ ದಾರಿಯಲ್ಲಿ ನಿಮ್ಮ ಅಂಗಡಿಗೆ ಬರುತ್ತಾನಲ್ಲ, ಅವನ ಕೈಯಲ್ಲಿ ಕೊಡುತ್ತೇನೆ.

ಭಾನುವಾರ ಇವರು ಮೂರು ದಿನದ ಕಡಲು ಮುಗಿಸಿ ಬೆಳಿಗ್ಗೆ ಮನೆಗೆ ಬಂದಿದ್ದರು. ಸ್ನಾನ ಮಾಡಿ ಗಂಜಿಗೆ ಕೂತರು. ತಲೆ ಭಾರ ಎಂದರು. ನಿದ್ದೆ ಇಲ್ಲದ್ದಕ್ಕೆ, ಉಂಡು ಮಲಗಿ ಎಂದೆ. ಉಪ್ಪಿನಕಾಯಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಇವರ ಬಲಗೈ ಗಂಜಿಯ ಬಟ್ಟಲಿನೊಳಗೆ ಬಿದ್ದಿತ್ತು. ಅದನ್ನು ಎತ್ತಲು ಆಗದೆ ನನ್ನ ಮುಖವನ್ನೇ ನೋಡುತ್ತಿದ್ದರು. ಬಾಯಿ ಒಂದು ಕಡೆಗೆ ವಾಲಿತ್ತು. ಮೂವತ್ತು ವರ್ಷ ಬೋಟಿನ ತಾಂಡೇಲನಾಗಿ ಇಪ್ಪತ್ತೈದು ಜನರನ್ನು ನಡೆಸಿದ ಮನುಷ್ಯ ಮಗುವಿನ ಹಾಗೆ ನೋಡುತ್ತಿದ್ದರು.

ನೆರೆಮನೆಯವರ ಓಮ್ನಿಯಲ್ಲಿ ಹೊರಟೆವು. ಹರ್ಷಿಣಿ ಮುಂದೆ ಕೂತಿದ್ದಳು, ನಾನು ಹಿಂದೆ ಇವರ ತಲೆ ಹಿಡಿದುಕೊಂಡಿದ್ದೆ. ಕಟಪಾಡಿ ದಾಟುವಾಗ ನನ್ನ ಕೈ ಹಿಡಿದು, ತೊದಲುತ್ತಾ, "ಅಕ್ಕಡ ಕೇಣ್" ಎಂದರು. ಎರಡು ಸಲ ಹೇಳಿದರು. ಅಕ್ಕನಲ್ಲಿ ಎಂತ ಕೇಳಬೇಕು ಅಂದರೆ ಹೇಳಲು ಆಗಲಿಲ್ಲ. ಆಮೇಲೆ ವಾಂತಿ ಮಾಡಿಕೊಂಡರು. ಮಣಿಪಾಲ ತಲುಪುವಾಗ ಕರೆದರೆ ಓಗೊಡುತ್ತಿರಲಿಲ್ಲ.

ಬಿ.ಪಿ. ಇನ್ನೂರ ಮೂವತ್ತು ಇತ್ತಂತೆ. ತಲೆಯೊಳಗೆ ಎಡಬದಿಯಲ್ಲಿ, ಆಳದಲ್ಲಿ, ನರ ಒಡೆದು ರಕ್ತ ಬಂದಿದೆ. ಡಾಕ್ಟರ್ ಯಶ್ವಂತ್ ಎನ್ನುವವರು ಕಂಪ್ಯೂಟರಿನಲ್ಲಿ ತೋರಿಸಿದರು. ಚಿತ್ರದಲ್ಲಿ ರಕ್ತ ಬೆಳ್ಳಗೆ ಕಾಣುವುದಂತೆ, ನಮ್ಮ ಕೋಳಿಮೊಟ್ಟೆಯಷ್ಟು ದೊಡ್ಡದು. ಬಾಯಿಗೆ ನಳಿಕೆ ಹಾಕಿ ವೆಂಟಿಲೇಟರಿನಲ್ಲಿ ಇಟ್ಟಿದ್ದಾರೆ. ಎರಡು ದಿನ ಬಿ.ಪಿ. ಇಳಿಸಲು, ಬಾವು ಇಳಿಸಲು ಮದ್ದು ಕೊಟ್ಟರು. ಬಿ.ಪಿ. ಇಳಿದಿದೆ, ಬಾವು ಇಳಿಯಲಿಲ್ಲ. ಮೆದುಳು ಇನ್ನೊಂದು ಬದಿಗೆ ಸರಿಯುತ್ತಿದೆ ಎಂದರು. ತಲೆ ತೆರೆದು ಆಪರೇಷನ್ ಮಾಡಿದರೆ ಜೀವ ಉಳಿಯಬಹುದು. "ಉಳಿದರೂ ಮಾತು, ನಡೆಯುವುದು, ನಿಮ್ಮ ಗುರುತು ಹಿಡಿಯುವುದು, ಇದ್ಯಾವುದಕ್ಕೂ ನಾನು ಭರವಸೆ ಕೊಡುವುದಿಲ್ಲ ಅಮ್ಮ" ಎಂದರು. ಮಾಡದಿದ್ದರೆ ಎಂದು ಕೇಳಿದೆ. ಎರಡು ಮೂರು ದಿನ ಎಂದರು.

ನಾಳೆ ಮಧ್ಯಾಹ್ನದೊಳಗೆ ಹೇಳಬೇಕು. ಹರ್ಷಿಣಿ, ಅಪ್ಪನಿಗೆ ಮಾಡಿಸೋಣ ಎನ್ನುತ್ತಾಳೆ. ಅವಳಿಗೆ ಇಪ್ಪತ್ತೆರಡು, ಎಂತ ಗೊತ್ತು. ಸುಂದರ ಭಾವನಿಗೆ ಆದಾಗ ನೀನು ಇದನ್ನು ಕಂಡವಳು. ಇವರೂ ನಿನ್ನಲ್ಲೇ ಕೇಳು ಅಂದಿದ್ದಾರೆ. ಕಜೆಟನ್ ಹನ್ನೊಂದಕ್ಕೆ ಖಾಲಿ ಪೆಟ್ಟಿಗೆ ಹಾಕಿಕೊಂಡು ವಾಪಸು ಬರುತ್ತಾನೆ. ಅವನನ್ನು ಐದು ನಿಮಿಷ ನಿಲ್ಲಿಸಿ ಉತ್ತರ ಬರೆದು ಕೊಡು. ನೀನು ಹೇಳಿದ ಹಾಗೆ ಮಾಡುತ್ತೇನೆ.

ಕುಶಲಾ


ಕಾರ್ಕಳ
13-11-2024

ಕುಶಲಾ,

ಕಜೆಟನ್ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ.

ಆಪರೇಷನ್ ಮಾಡಿಸು. ಡಾಕ್ಟರ್ ಒಂದು ದಾರಿ ಉಂಟು ಎಂದರೆ ಅದನ್ನು ಬಿಡಬೇಡ. ಅಂಗನವಾಡಿಯಲ್ಲಿ ಎಷ್ಟೋ ಮಕ್ಕಳನ್ನು ಕಂಡಿದ್ದೇನೆ, ಉಳಿಯುವುದಿಲ್ಲ ಎನಿಸಿಕೊಂಡವರು ಓಡಾಡಿದ್ದುಂಟು. ಲೀಲಾಧರ ಗಟ್ಟಿ ಜೀವ, ಐವತ್ತನಾಲ್ಕು ಒಂದು ವಯಸ್ಸೇ ಅಲ್ಲ.

ನಮ್ಮವರಿಗಾದರೆ ಆಗ ಅವಕಾಶವೇ ಇರಲಿಲ್ಲ. ಎಂತ ಮಾಡಲಿಕ್ಕೂ ಇಲ್ಲ ಎಂದುಬಿಟ್ಟರು ಡಾಕ್ಟರು. ಅದು ನಿನಗೆ ಗೊತ್ತೇ ಉಂಟು. ಅವಕಾಶ ಇದ್ದವರು ಕೈಕಟ್ಟಿ ಕೂರಬಾರದು.

ನನ್ನ ಸೊಂಟದ ಎಲುಬು ಇನ್ನೂ ಕೂಡಿಲ್ಲ, ವಾಕರ್ ಹಿಡಿದು ಪಾಯಿಖಾನೆಗೆ ಹೋಗುವುದೇ ಕಷ್ಟ. ಇಲ್ಲದಿದ್ದರೆ ಇವತ್ತೇ ನಿನ್ನ ಪಕ್ಕದಲ್ಲಿ ಇರುತ್ತಿದ್ದೆ. ಸಹಿ ಹಾಕು. ಹೆದರಬೇಡ.

ಅಕ್ಕ


ಮಣಿಪಾಲ
15-11-2024

ಅಕ್ಕಾ,

ನಿನ್ನ ಕಾಗದ ಬಂದು ಹತ್ತು ನಿಮಿಷದಲ್ಲಿ ಸಹಿ ಹಾಕಿದೆ. ಮೂರು ಕಡೆ ಹಾಕಿಸಿದರು. ಬುಧವಾರ ಸಂಜೆ ನಾಲ್ಕು ಗಂಟೆಗೆ ಒಳಗೆ ಕರೆದುಕೊಂಡು ಹೋದರು. ಹೊರಗೆ ಬಂದಾಗ ತಲೆ ಪೂರ್ತಿ ಬಿಳಿ ಬಟ್ಟೆ.

ಇವತ್ತು ಬೆಳಿಗ್ಗೆ ನನ್ನನ್ನು ಒಳಗೆ ಬಿಟ್ಟರು. ಎಡಬದಿಯ ತಲೆಯ ಎಲುಬಿನ ದೊಡ್ಡ ತುಂಡೊಂದನ್ನು ತೆಗೆದಿದ್ದಾರೆ, ಮೆದುಳು ಬಾತುಕೊಳ್ಳಲು ಜಾಗ ಬೇಕಂತೆ. ಆ ಎಲುಬನ್ನು ಹೊಟ್ಟೆಯ ಚರ್ಮದ ಕೆಳಗೆ ಇಟ್ಟು ಹೊಲಿದಿದ್ದಾರೆ. ಅಲ್ಲಿ ಕೆಡುವುದಿಲ್ಲವಂತೆ, ಮುಂದೆ ಒಳ್ಳೆಯದಾದರೆ ಪುನಃ ತಲೆಗೇ ಕೂರಿಸುತ್ತಾರೆ. ಶರೋನ್ ಎಂಬ ನರ್ಸ್ ನನ್ನ ಕೈ ಹಿಡಿದು ಆ ಜಾಗ ಮುಟ್ಟಿಸಿದಳು. ಹೊಟ್ಟೆಯ ಬಲಗಡೆ ಗಟ್ಟಿಯಾಗಿ ಸಿಗುತ್ತದೆ. ಅದನ್ನು ಮುಟ್ಟಿದಾಗ ನನಗೆ ಏನೋ ಧೈರ್ಯ ಬಂತು ಅಕ್ಕ. ವಾಪಸು ಕೂರಿಸುವ ಯೋಚನೆ ಇಲ್ಲದಿದ್ದರೆ ಅಷ್ಟು ಜೋಪಾನವಾಗಿ ಯಾಕೆ ಇಡುತ್ತಿದ್ದರು?

ಗಂಟೆಗೊಮ್ಮೆ ಶರೋನ್ ಕಣ್ಣೆವೆ ಎತ್ತಿ ಟಾರ್ಚ್ ಬಿಡುತ್ತಾಳೆ. ಹೆಗಲು ಚಿವುಟುತ್ತಾಳೆ. "ಲೀಲಾಧರಣ್ಣ, ಕಣ್ಣು ಬಿಡಿ" ಎಂದು ಗಟ್ಟಿಯಾಗಿ ಕರೆಯುತ್ತಾಳೆ. ಆಮೇಲೆ ಒಂದು ಕಾಗದದಲ್ಲಿ ಅಂಕಿ ಬರೆಯುತ್ತಾಳೆ. ಮೊನ್ನೆ ಐದು ಇತ್ತು, ಇವತ್ತು ಆರು. ಪೂರ್ತಿ ಎಚ್ಚರ ಇದ್ದವರಿಗೆ ಹದಿನೈದಂತೆ. ಹರ್ಷಿಣಿ ಲೆಕ್ಕ ಹಾಕಿದಳು, ಎರಡು ದಿನಕ್ಕೆ ಒಂದು ಅಂದರೆ ಡಿಸೆಂಬರ್ ಮೂರಕ್ಕೆ ಅಪ್ಪ ಮಾತಾಡುತ್ತಾರೆ ಎಂದು. ಶರೋನ್ ಅದನ್ನು ಕೇಳಿಸಿಕೊಂಡು ಡ್ರಿಪ್ ಸರಿ ಮಾಡಲು ಹೋದಳು.

ನಿನ್ನ ಮಾತು ಕೇಳಿದ್ದು ಒಳ್ಳೆಯದಾಯಿತು. ಇವರಿಗೂ ನಿನ್ನ ಮೇಲೆ ಎಷ್ಟು ನಂಬಿಕೆ ನೋಡು, ಪ್ರಜ್ಞೆ ತಪ್ಪುವ ಹೊತ್ತಿನಲ್ಲಿ ನಿನ್ನ ಹೆಸರೇ ಬಂತು.

ಕುಶಲಾ


ಕಾರ್ಕಳ
17-11-2024

ಕುಶಲಾ,

ಅಂಕಿ ಇವತ್ತು ಎಷ್ಟು? ಚಿವುಟಿದರೆ ಕೈ ಎಳೆಯುತ್ತಾರಾ, ಸುಮ್ಮನೆ ಅಲುಗಿಸುತ್ತಾರಾ? ಬಲಗೈಯಾ ಎಡಗೈಯಾ? ನಿನ್ನ ಧ್ವನಿಗೂ ನರ್ಸಿನ ಧ್ವನಿಗೂ ವ್ಯತ್ಯಾಸ ತಿಳಿಯುತ್ತದೆ ಅಂತ ಕಾಣುತ್ತದಾ? ಡಾಕ್ಟರ್ ಎಷ್ಟು ದಿನ ಎನ್ನುತ್ತಾರೆ?

ಎಲ್ಲವನ್ನೂ ಬರಿ. ಚಿಕ್ಕದನ್ನೂ ಬಿಡಬೇಡ. ನನಗೆ ಇಲ್ಲಿ ಬೇರೆ ಎಂತ ಕೆಲಸ ಉಂಟು, ಮಂಚದಲ್ಲಿ ಕೂತು ರಸ್ತೆ ನೋಡುವುದು. ಕಜೆಟನ್‌ನ ಗಾಡಿ ಬರುವಾಗ ನೆಲ ಅದುರುವುದು ಕಾಲಿಗೆ ಗೊತ್ತಾಗುತ್ತದೆ. ಮೊದಲು ಕಾಗದ, ಆಮೇಲೆ ಮೀನು ಅಂತ ಧನರಾಜನಿಗೆ ಹೇಳಿಟ್ಟಿದ್ದೇನೆ.

ಎಂತ ತಿಳಿದರೂ ಬರಿ.

ಅಕ್ಕ


ಮಣಿಪಾಲ
24-11-2024, ಭಾನುವಾರ

ಅಕ್ಕಾ,

ನಡುವೆ ಬರೆಯಲು ಆಗಲಿಲ್ಲ. ಎದೆಯಲ್ಲಿ ಕಫ ಕಟ್ಟಿ ಜ್ವರ ಬಂದಿತ್ತು. ಬಾಯಿಯ ನಳಿಕೆ ಹೆಚ್ಚು ದಿನ ಇಡಬಾರದು ಎಂದು ಶುಕ್ರವಾರ ಗಂಟಲಿಗೆ ತೂತು ಮಾಡಿ ಅಲ್ಲಿ ನಳಿಕೆ ಹಾಕಿದರು. ಈಗ ಬಾಯಿ ಖಾಲಿ. ಮುಖ ಕಾಣುತ್ತದೆ. ಗಡ್ಡ ಪೂರ್ತಿ ಬಿಳಿ ಬಂದಿದೆ. ಹರ್ಷಿಣಿ ಶರೋನ್‌ಳನ್ನು ಕೇಳಿ ತಾನೇ ಬೋಳಿಸಿದಳು.

ನಿನ್ನೆ ಬೆಳಿಗ್ಗೆ ಕಣ್ಣು ಬಿಟ್ಟರು. ನಾನು ಪಕ್ಕದಲ್ಲೇ ಇದ್ದೆ. ಎಡಗೈ ಹಿಡಿದು, ನಾನು ಕುಶಲಾ, ಗೊತ್ತಾಯಿತಾ ಎಂದೆ. ಕೈ ಒತ್ತಿದರು ಅಕ್ಕ. ಪುನಃ ಕೇಳಿದೆ, ಪುನಃ ಒತ್ತಿದರು. ನನ್ನನ್ನು ನೋಡಿದರು. ಹರ್ಷಿಣಿ ಅಳುತ್ತಾ ಹೊರಗೆ ಓಡಿ ಎಲ್ಲರಿಗೂ ಹೇಳಿಬಂದಳು. ಐಸಿಯು ಹೊರಗೆ ಕೂತವರೆಲ್ಲ, ಹೆಬ್ರಿಯಿಂದ ಬಂದ ಒಬ್ಬ ಅಜ್ಜಿ ಸಹ, ಎದ್ದು ಬಂದು ನನ್ನ ಬೆನ್ನು ಸವರಿದರು.

ಇದನ್ನು ನಿನಗೆ ಮೊದಲು ಹೇಳಬೇಕು ಅಂತ ಇತ್ತು. ನೀನು ಅಲ್ವಾ ದಾರಿ ತೋರಿಸಿದ್ದು.

ಕುಶಲಾ


ಕಾರ್ಕಳ
26-11-2024

ಕುಶಲಾ,

ನಿನ್ನ ಕಾಗದ ಬಂತು. ಕೈ ಒತ್ತಿದರು ಎಂದು ನಾಲ್ಕು ಸಲ ಓದಿದೆ.

ಆಪರೇಷನ್ ಆಗಿ ಹನ್ನೊಂದನೇ ದಿನ. ಹಾಗಾದರೆ ಹನ್ನೊಂದು ದಿನ ಕಾಯಬೇಕಿತ್ತು, ಅಷ್ಟೇ.

ನನಗೆ ಎರಡು ದಿನದಿಂದ ಊಟ ಸೇರುವುದಿಲ್ಲ. ನನ್ನಿಂದ ದೊಡ್ಡ ತಪ್ಪಾಗಿದೆ ಕುಶಲಾ. ಈಗ ಬರೆಯಲು ಆಗುವುದಿಲ್ಲ. ನೀನು ಅವರನ್ನು ನೋಡಿಕೋ.

ಅಕ್ಕ


ಕಾಪು
18-12-2024

ಅಕ್ಕಾ,

ಇವರನ್ನು ಒಂಬತ್ತನೇ ತಾರೀಕಿಗೆ ಮನೆಗೆ ತಂದೆವು. ವೆಂಟಿಲೇಟರ್ ಬಿಟ್ಟು ಉಸಿರಾಡುತ್ತಾರೆ, ಇನ್ನು ಐಸಿಯುನಲ್ಲಿ ಮಾಡುವಂಥದ್ದು ಏನೂ ಇಲ್ಲ ಎಂದರು. ಶರೋನ್ ನನಗೂ ಹರ್ಷಿಣಿಗೂ ನಾಲ್ಕು ದಿನ ಎಲ್ಲ ಕಲಿಸಿದಳು. ಮೂಗಿನ ನಳಿಕೆಯಲ್ಲಿ ಗಂಜಿ ತಿಳಿ ಬಿಡುವುದು, ಗಂಟಲಿನ ನಳಿಕೆಯಿಂದ ಮೆಷಿನ್ನಿನಲ್ಲಿ ಕಫ ಎಳೆಯುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಎಲುಬಿಲ್ಲದ ಕಡೆ ತಲೆ ಊರಬಾರದು. ಆ ಕಡೆ ಈಗ ಒಳಗೆ ತಗ್ಗಿದೆ, ಉಸಿರಿನ ಜೊತೆ ಏರಿಳಿಯುತ್ತದೆ. ನಾನು ಅಲ್ಲಿಗೊಂದು ತೆಳು ಬಟ್ಟೆ ಹಾಕಿಡುತ್ತೇನೆ.

ಬೋಟಿನವರು ಬಂದು ನೋಡಿ ಹೋದರು. ಬಾಗಿಲಲ್ಲೇ ನಿಂತರು. "ತಾಂಡೇಲರೇ" ಎಂದು ಒಬ್ಬ ಕರೆದ. ಕಣ್ಣು ತೆರೆದೇ ಇತ್ತು. ಆ ಹುಡುಗ ಅಂಗಳಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತುಬಿಟ್ಟ.

ನಿನಗೆ ಒಂದು ಸುಳ್ಳು ಬರೆದಿದ್ದೆ. ಕೈ ಒತ್ತಿದ್ದು ಹೌದು. ಆದರೆ ಅದೇ ದಿನ ಡಾಕ್ಟರ್ ಯಶ್ವಂತ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು, ಅಂಗೈಗೆ ಏನು ತಾಗಿದರೂ ಬೆರಳು ಹಾಗೆ ಮುಚ್ಚುತ್ತದೆ, ಹುಟ್ಟಿದ ಮಗುವಿಗೆ ಹೇಗೋ ಹಾಗೆ. ತೋರಿಸಲೂ ತೋರಿಸಿದರು, ತಮ್ಮ ಪೆನ್ನು ಇಟ್ಟರು. ಇವರು ಪೆನ್ನನ್ನೂ ಒತ್ತಿದರು. ಕಣ್ಣು ಬಿಡುವುದು ಬೇರೆ, ನೋಡುವುದು ಬೇರೆ ಎಂದರು. ನನ್ನನ್ನು ನೋಡಲಿಲ್ಲ ಅಕ್ಕ. ನಾನು ಇರುವ ಕಡೆ ಕಣ್ಣು ಇತ್ತು, ಅಷ್ಟೇ. ಹರ್ಷಿಣಿಗೆ ಇನ್ನೂ ಹೇಳಿಲ್ಲ. ಅವಳು ಉಡುಪಿಯ ಕೆಲಸ ಬಿಟ್ಟು ದಿನವಿಡೀ ಅಪ್ಪನ ಕೈ ತಿಕ್ಕುತ್ತಾ ಕಡಲಿನ ಸುದ್ದಿ ಹೇಳುತ್ತಾಳೆ. ನಿನಗೆ ಯಾಕೆ ಸುಳ್ಳು ಬರೆದೆನೋ. ಒಬ್ಬರಾದರೂ ಸಂತೋಷಪಡಲಿ ಅಂತ ಇರಬೇಕು.

ನೀನು ತಪ್ಪಾಗಿದೆ ಎಂದು ಬರೆದದ್ದು ಬರಲು ಆಗಲಿಲ್ಲ ಅಂತಲಾ? ಸೊಂಟ ಮುರಿದವಳನ್ನು ಯಾರು ಬೈಯುತ್ತಾರೆ ಮಾರಾಯ್ತಿ. ಅದನ್ನೇ ಹಿಡಿದುಕೊಂಡು ಊಟ ಬಿಡಬೇಡ.

ಒಂದು ಕೇಳಬೇಕು. ಇವರನ್ನು ಮಗ್ಗುಲು ಬದಲಿಸುವಾಗ ಪ್ರತಿ ಸಲ ನೆನಪಾಗುತ್ತದೆ. ಅಕ್ಕನಲ್ಲಿ ಕೇಳು ಎಂದರಲ್ಲ, ಅದು ಏನನ್ನು ಕೇಳಲಿಕ್ಕೆ? ನಿನಗೇನಾದರೂ ಗೊತ್ತುಂಟಾ?

ಕುಶಲಾ


ಕಾರ್ಕಳ
20-12-2024

ಕುಶಲಾ,

ಗೊತ್ತುಂಟು. ಮೊದಲ ಕಾಗದ ಓದಿದಾಗಲೇ ಗೊತ್ತಾಗಿತ್ತು.

ಇದನ್ನು ನೀನೊಬ್ಬಳೇ ಓದು. ನನ್ನ ಹತ್ತಿರ ಗುಟ್ಟು ಮಾತಾಡಲು ಯಾರಿಗೂ ಆಗುವುದಿಲ್ಲ, ಕೂಗಬೇಕು, ಬೀದಿಗೆಲ್ಲ ಕೇಳುತ್ತದೆ. ಹಾಗಾಗಿ ಐದು ವರ್ಷ ಇದು ನನ್ನೊಳಗೇ ಉಳಿಯಿತು.

ನಮ್ಮವರಿಗೆ ಆದಾಗ ಬೋಟಿಗೆ ಮಳೆಗಾಲದ ರಜೆ. ಧನರಾಜ್ ಮಸ್ಕತ್‌ನಲ್ಲಿದ್ದ, ನೀನು ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಬರುವ ಹಾಗಿರಲಿಲ್ಲ. ಆಸ್ಪತ್ರೆಯಲ್ಲಿ ನನ್ನ ಜೊತೆ ಇದ್ದದ್ದು ಲೀಲಾಧರ ಒಬ್ಬರೇ. ಎಂತ ಮಾಡಲಿಕ್ಕೂ ಇಲ್ಲ ಎಂದು ಡಾಕ್ಟರು ಹೇಳಲಿಲ್ಲ ಕುಶಲಾ. ನಿನಗೆ ಹೇಳಿದ್ದನ್ನೇ ಹೇಳಿದರು. ತಲೆ ತೆರೆದರೆ ಜೀವ ಉಳಿಯಬಹುದು, ಹೇಗೆ ಉಳಿಯುತ್ತಾರೋ ಗೊತ್ತಿಲ್ಲ. ಆಗ ನನ್ನ ಒಂದು ಕಿವಿ ಅಷ್ಟಿಷ್ಟು ಕೇಳುತ್ತಿತ್ತು. ಡಾಕ್ಟರ್ ಹೇಳಿದ್ದನ್ನು ಲೀಲಾಧರ ನನ್ನ ಕಿವಿಗೆ ಬಾಯಿಟ್ಟು ಒಂದೊಂದೇ ಮಾತು ಹೇಳಿದರು. ನಾನು ಬೇಡ ಎಂದೆ. ಹಾಗೆ ಮಲಗಿಸಿ ನೋಡುವ ಶಕ್ತಿ ನನಗಿಲ್ಲ ಎಂದೆ. ಮೂರನೇ ದಿನ ಹೋದರು.

ಧನರಾಜ್ ಬಂದು ಕಾಲ ಬಳಿ ಬಿದ್ದು, ಅಮ್ಮ ಏನೂ ಮಾಡಲಿಕ್ಕೆ ಇರಲಿಲ್ಲವಾ ಎಂದು ಕೇಳಿದ. ಇರಲಿಲ್ಲ ಎಂದೆ. ಒಮ್ಮೆ ಹೇಳಿದ ಮೇಲೆ ಎಲ್ಲರಿಗೂ ಅದನ್ನೇ ಹೇಳಬೇಕಾಯಿತು, ನಿನಗೂ. ಲೀಲಾಧರ ಒಂದು ದಿನವೂ ಬಾಯಿ ಬಿಡಲಿಲ್ಲ.

ಸುಟ್ಟು ಬಂದ ದಿನ ನಮ್ಮ ಹಿಂದಿನ ಜಗಲಿಯಲ್ಲಿ ಕೂತು ಅವರು ನನಗೆ ಹೇಳಿದರು: "ಅಕ್ಕ, ನೀವು ಮಾಡಿದ್ದು ಸರಿ. ನನಗೆ ಹೀಗಾದರೆ ನನ್ನ ತಲೆ ತೆರೆಯಲಿಕ್ಕೆ ಬಿಡಬೇಡಿ. ನಾನು ಹೇಳಿದರೆ ಕುಶಲಾ ಕೇಳುವುದಿಲ್ಲ, ಅಪಶಕುನ ಎಂದು ಬಾಯಿ ಮುಚ್ಚಿಸುತ್ತಾಳೆ. ನೀವು ಹೇಳಿದರೆ ಕೇಳುತ್ತಾಳೆ." ಆಯಿತು ಎಂದೆ.

ಇದನ್ನೇ ನನ್ನಲ್ಲಿ ಕೇಳಲು ನಿನಗೆ ಹೇಳಿದ್ದು. ನೀನು ಕೇಳಿದೆ. ನಾನು ಸಹಿ ಹಾಕು ಎಂದು ಬರೆದೆ.

ಯಾಕೆ ಎಂದು ನೀನು ಕೇಳುತ್ತೀ. ಧನರಾಜನಿಗೆ ತಿಳಿಯಬಾರದು ಅಂತಲೇ ಹಾಗೆ ಬರೆದೆ ಎಂದು ಮೊದಲು ಅಂದುಕೊಂಡೆ. ಅದಲ್ಲ. ಐದು ವರ್ಷದಿಂದ ಬೆಳಿಗ್ಗೆ ಎದ್ದ ಕೂಡಲೇ ನನಗೆ ಒಂದೇ ಯೋಚನೆ, ಆಪರೇಷನ್ ಮಾಡಿಸಿದ್ದರೆ ಎಂತ ಆಗುತ್ತಿತ್ತು. ಬದುಕುತ್ತಿದ್ದರಾ, ನನ್ನ ಹೆಸರು ಕರೆಯುತ್ತಿದ್ದರಾ. ಅದು ನನಗೆ ತಿಳಿಯಬೇಕಿತ್ತು. ನನ್ನ ಗಂಡನಿಗೆ ನಾನು ಮುಚ್ಚಿದ ಬಾಗಿಲನ್ನು ನಿನ್ನ ಗಂಡನಿಗೆ ತೆರೆಸಿ ಒಳಗೆ ಎಂತ ಉಂಟು ಅಂತ ನೋಡಿದೆ. ಅದಕ್ಕೇ ನಿನ್ನಲ್ಲಿ ಅಷ್ಟು ಪ್ರಶ್ನೆ ಕೇಳಿದ್ದು. ಕೈ ಒತ್ತಿದರು ಎಂದು ನೀನು ಬರೆದ ದಿನ, ನಾನು ನಮ್ಮವರನ್ನು ಕೊಂದೆ ಎಂದು ಅತ್ತೆ. ಮೊನ್ನೆ ಅದು ಸುಳ್ಳು ಎಂದು ಓದಿದಾಗ ಒಂದು ಗಳಿಗೆ ನನಗೆ ಹಗುರವಾಯಿತು. ಹಗುರವಾಯಿತು ಕುಶಲಾ. ಅದನ್ನೂ ಬರೆಯುತ್ತಿದ್ದೇನೆ.

ಕ್ಷಮೆ ಕೇಳುವ ಬಾಯಿ ನನಗಿಲ್ಲ.

ಅಕ್ಕ


ಕಾರ್ಕಳ
30-1-2025

ಕುಶಲಾ,

ನಲವತ್ತು ದಿನವಾಯಿತು. ನಿನ್ನ ಕೈಗೇ ಕೊಟ್ಟೆ ಎಂದು ಕಜೆಟನ್ ಬರೆದು ತೋರಿಸಿದ. ನೀನು ಅಲ್ಲೇ ಗೇಟಿನ ಹತ್ತಿರ ನಿಂತು ಓದಿದೆಯಂತೆ, ಆಮೇಲೆ ಅವನಿಗೆ ನೀರು ಬೇಕಾ ಎಂದು ಕೇಳಿದೆಯಂತೆ.

ಕಜೆಟನ್ ದಿನಾ ಬರುತ್ತಾನೆ. ನಾನು ಕೇಳುವುದನ್ನು ನಿಲ್ಲಿಸಿದ್ದೇನೆ, ಅವನೇ ತಲೆ ಅಲ್ಲಾಡಿಸಿ ಇಲ್ಲ ಎನ್ನುತ್ತಾನೆ.

ಬೈದು ಬರೆದರೂ ಸಾಕು. ಲೀಲಾಧರ ಹೇಗಿದ್ದಾರೆ ಎಂದು ಒಂದು ಗೆರೆ.

ಅಕ್ಕ


ಕಾಪು
3-3-2025

ಅಕ್ಕಾ,

ಮೊನ್ನೆ ಶನಿವಾರ ಇವರ ಹದಿಮೂರನೇ ದಿನದ ಬೊಜ್ಜಕ್ಕೆ ನೀನು ವಾಕರ್ ಹಿಡಿದು ಬಂದು ನನ್ನ ಎದುರು ಕೂತೆ. ಇವರು ಹೋದ ದಿನವೂ ಬಂದಿದ್ದೆ. ಎರಡು ಸಲವೂ ನನ್ನ ಮುಖವನ್ನೇ ನೋಡುತ್ತಿದ್ದೆ. ಅಷ್ಟು ಜನರ ನಡುವೆ ನಾನು ಎಂತ ಹೇಳಬೇಕಿತ್ತು? ಪಕ್ಕದಲ್ಲೇ ಧನರಾಜ್ ನಿನಗೆ ಎಲೆ ಹಾಕಿ ಬಡಿಸುತ್ತಿದ್ದ. ಕಾಗದದಲ್ಲಿ ಬರೆದು ತೋರಿಸಿದರೆ ಹತ್ತು ಜನ ಬಗ್ಗಿ ಓದುತ್ತಿದ್ದರು. ಈಗ ಬರೆಯುತ್ತೇನೆ.

ನಿನ್ನ ಕಾಗದ ಬಂದ ದಿನದಿಂದ ನಿನಗೆ ಬೈಯಲು ಎಷ್ಟು ಸಲ ಕೂತೆನೋ ಲೆಕ್ಕವಿಲ್ಲ. ಒಂದು ಹಾಳೆ ತುಂಬುವಷ್ಟರಲ್ಲಿ ಮಗ್ಗುಲು ಬದಲಿಸುವ ಹೊತ್ತಾಗುತ್ತಿತ್ತು. ಎಷ್ಟು ಜೋಪಾನ ಮಾಡಿದರೂ ಬೆನ್ನಿನ ಕೆಳಗೆ ಹುಣ್ಣಾಯಿತು. ತೊಳೆದು ಮದ್ದು ಹಚ್ಚಿ ಬಂದರೆ ಬರೆದದ್ದನ್ನು ಮುಂದುವರಿಸಲು ಕೈ ಏಳುತ್ತಿರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಹರ್ಷಿಣಿ ಪೇಟೆಗೆ ಹೋಗಿದ್ದಾಗ ನಿನ್ನ ಕಾಗದವನ್ನು ಇವರ ಪಕ್ಕದಲ್ಲಿ ಕೂತು ಓದಿದೆ. ನಾವು ಬರೆಯುವುದು ಕನ್ನಡವಾದರೂ ಇವರ ಹತ್ತಿರ ಮಾತಾಡಿದ್ದು ತುಳುವಿನಲ್ಲೇ ಅಲ್ವಾ, ಒಂದೊಂದು ಗೆರೆಯನ್ನೂ ತುಳುವಿನಲ್ಲಿ ಹೇಳಿದೆ. ಜಗಲಿಯಲ್ಲಿ ನಿನಗೆ ಹೇಳಿದ ಮಾತನ್ನು ಎರಡು ಸಲ ಹೇಳಿದೆ. ಕಣ್ಣು ಮೇಲೆ ಮಾಡಿನ ಹಂಚಿನ ಕಡೆ ಇತ್ತು. ರೆಪ್ಪೆ ಸಹ ಅಲುಗಲಿಲ್ಲ.

ಫೆಬ್ರವರಿ ಹನ್ನೊಂದಕ್ಕೆ ಜ್ವರ ಬಂತು. ಉಸಿರು ಮೇಲೆ ಮೇಲೆ ಎಳೆಯುತ್ತಿತ್ತು. ನಮ್ಮ ಪೇಟೆಯ ಡಾಕ್ಟರ್ ಲಾಯ್ಡ್ ಬಂದು ಎದೆ ನೋಡಿದರು. ಎರಡೂ ಕಡೆ ಕಫ ತುಂಬಿದೆ ಎಂದರು. ಹರ್ಷಿಣಿ ಅಷ್ಟರೊಳಗೆ ಆಂಬುಲೆನ್ಸ್‌ಗೆ ಫೋನ್ ಮಾಡಿ ಆಗಿತ್ತು. ಮಣಿಪಾಲಕ್ಕೆ ಹೋದರೆ ಪುನಃ ವೆಂಟಿಲೇಟರ್ ಹಾಕುತ್ತಾರೆ, ಈ ಸಲವೂ ಉಳಿಸಬಹುದು ಎಂದರು ಡಾಕ್ಟರ್. ಉಳಿದರೆ ಹೇಗಿರುತ್ತಾರೆ ಎಂದು ಕೇಳಿದೆ. "ಹೀಗೇ. ಇದಕ್ಕಿಂತ ಒಳ್ಳೆಯದಾಗುವುದಿಲ್ಲ" ಎಂದರು.

ಬೇಡ ಎಂದೆ.

ಆಂಬುಲೆನ್ಸ್ ಗೇಟಿನವರೆಗೆ ಬಂದಿತ್ತು. ನಾನೇ ಹೋಗಿ ವಾಪಸು ಕಳಿಸಿದೆ. ಹರ್ಷಿಣಿ ಅಪ್ಪನ ಮಂಚದ ಹತ್ತಿರ ನಿಂತಿದ್ದಳು. ಅವಳು ಕಿರುಚಲಿಲ್ಲ. "ಅಪ್ಪನಿಗೆ ಎಲ್ಲ ಕೇಳುತ್ತದೆ ಅಮ್ಮ. ನೀನು ಬೇಡ ಎಂದದ್ದೂ ಕೇಳಿತು" ಎಂದಳು. ಅವಳು ನನ್ನ ಹತ್ತಿರ ಆಡಿದ ಕೊನೆಯ ಮಾತು ಅದು. ಆಮೇಲೆ ಆರು ದಿನ ಇಬ್ಬರೂ ಒಂದೇ ಕೋಣೆಯಲ್ಲಿ ಇದ್ದೆವು, ಅವಳು ಒಂದು ಬದಿ ಹಿಡಿದರೆ ನಾನು ಇನ್ನೊಂದು ಬದಿ ಹಿಡಿದು ಮಗ್ಗುಲು ಬದಲಿಸಿದೆವು. ಅಪ್ಪನೇ ಬೇಡ ಅಂದಿದ್ದರು ಎಂದು ಅವಳಿಗೆ ಹೇಳಿದೆ, ನಿನ್ನ ವಿಷಯ ಬಿಟ್ಟು. ಅವಳು ನಂಬಲಿಲ್ಲ. ಹಾಗಾದರೆ ನವೆಂಬರಿನಲ್ಲಿ ಯಾಕೆ ಹೇಳಲಿಲ್ಲ ಎನ್ನುವ ಹಾಗೆ ನೋಡಿದಳು. ಅದಕ್ಕೆ ನಿನ್ನ ಹೆಸರು ಎತ್ತದೆ ಕೊಡುವ ಉತ್ತರ ನನ್ನ ಹತ್ತಿರ ಇರಲಿಲ್ಲ.

ಹದಿನೇಳಕ್ಕೆ ಬೆಳಿಗ್ಗೆ ಹತ್ತು ಗಂಟೆಗೆ, ನಾನು ಅಂಗಳದಲ್ಲಿ ಅವರ ಬಟ್ಟೆ ಒಣಗಲು ಹಾಕುತ್ತಿದ್ದಾಗ, ಒಳಗೆ ಕಫ ಎಳೆಯುವ ಮೆಷಿನ್ನಿನ ಸದ್ದು ನಿಂತಿತು. ಹರ್ಷಿಣಿಯೇ ಬಂದ್ ಮಾಡಿದ್ದಳು. ಉಸಿರೇ ನಿಂತ ಮೇಲೆ ಎಳೆಯಲು ಏನೂ ಇರಲಿಲ್ಲ.

ಆ ಎಲುಬು ಹೊಟ್ಟೆಯಲ್ಲೇ ಇತ್ತು. ಮೀಯಿಸುವಾಗ ಕೈಗೆ ತಾಗಿತು.

ಬೊಜ್ಜ ಮುಗಿದ ಸಂಜೆ ಹರ್ಷಿಣಿ ಉಡುಪಿಯ ಹಾಸ್ಟೆಲಿಗೆ ಹೋದಳು. ಹಳೆಯ ಕೆಲಸಕ್ಕೆ ಪುನಃ ಸೇರಿದ್ದಾಳಂತೆ, ನೆರೆಮನೆಯವರಿಂದ ತಿಳಿಯಿತು.

ನಿನ್ನ ಮಗ ನಿನ್ನ ಜೊತೆ ಇದ್ದಾನೆ. ಅವನಿಗೆ ಹೇಳಬೇಡ. ಹೇಳಿ ಎಂತ ಆಗಲಿಕ್ಕುಂಟು.

ಇನ್ನೊಂದು ಉಂಟು. ಇದು ನಿನ್ನನ್ನು ಕ್ಷಮಿಸಿದ್ದು ಎಂದು ತಿಳಿಯಬೇಡ, ಕ್ಷಮಿಸಿದೆನೋ ಇಲ್ಲವೋ ನನಗೇ ಗೊತ್ತಿಲ್ಲ. ಆದರೆ ನಿಜ. ನವೆಂಬರ್ ಹದಿಮೂರಕ್ಕೆ ನೀನು ಇವರು ಹೇಳಿದ್ದನ್ನು ಹೇಳಿದ ಹಾಗೇ ಬರೆದು ಕಳಿಸಿದ್ದರೂ ನಾನು ಸಹಿ ಹಾಕುತ್ತಿದ್ದೆ. ಕಾಗದವನ್ನು ಅಲ್ಲೇ ಹರಿದು, ಅಕ್ಕನ ಉತ್ತರ ಬರಲಿಲ್ಲ ಎಂದು ಹರ್ಷಿಣಿಗೆ ಹೇಳಿ, ಸಹಿ ಹಾಕುತ್ತಿದ್ದೆ. ಅವರಿಗೆ ಬೇಡ ಎಂದು ಗೊತ್ತಿದ್ದೂ ಹಾಕುತ್ತಿದ್ದೆ. ನನಗೆ ಅವರು ಬೇಕಿತ್ತು, ಹೇಗಾದರೂ ಸರಿ.

ಆ ಮಧ್ಯಾಹ್ನ ನಿನ್ನ ಕಾಗದ ಪೂರ್ತಿ ಓದಿ ಹೇಳಿದೆನಲ್ಲ, ಇದೊಂದನ್ನು ಮಾತ್ರ ಹೇಳಲಿಲ್ಲ. ಕೇಳುವುದಿಲ್ಲ ಎಂದು ಡಾಕ್ಟರ್ ಹೇಳಿದ್ದರು, ನನಗೂ ಹಾಗೇ ಅನಿಸಿತ್ತು. ಆದರೂ ಹೇಳುವ ಧೈರ್ಯ ಬರಲಿಲ್ಲ.

ಕುಶಲಾ